ಕೇಳುವುದಕ್ಕೆ ನಾಚಿಕೆ ಯಾಕೆ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಮನೆ ಮನೆಗಳ ಪ್ರಾರ್ಥನಾ ಕೂಟದ ಬಗ್ಗೆಯೇ. ಮೊದಲನೆಯ ಕಾಗದ ಉದ್ದ ಉಂಟು, ನನ್ನ ಉತ್ತರ ಅದಕ್ಕಿಂತಲೂ ಉದ್ದ. ಉಳಿದವು ಬೇಗ ಮುಗಿಯುತ್ತವೆ.

ಪ್ರಶ್ನೆ: ಅಕ್ಕನವರಿಗೆ ವಂದನೆಗಳು. ನಮ್ಮದು ಕಟಪಾಡಿ ಕಡೆಯ ಏಳೆಂಟು ಮನೆಗಳ ಕೂಟ. ಪ್ರತಿ ಬುಧವಾರ ಸಂಜೆ ಏಳಕ್ಕೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಎರಡು ಗೀತೆ, ವಾಕ್ಯ, ಪ್ರಾರ್ಥನೆ, ಆಮೇಲೆ ಚಾ. ಈಚೆಗೆ ಮುಂಬಯಿ ಬಿಟ್ಟು ಊರಿಗೆ ಬಂದು ನೆಲೆಸಿದ ಒಂದು ಕುಟುಂಬ ನಮ್ಮ ಜೊತೆ ಸೇರಿದೆ. ನನ್ನ ತಂಗಿಯ ಗಂಡ ಕುಡಿತಕ್ಕೆ ಬಿದ್ದು ಕೆಲಸ ಕಳೆದುಕೊಂಡಿದ್ದಾನೆ. ನಾವೆಲ್ಲ ಇಷ್ಟು ಕಾಲ “ಕರ್ತನೇ, ನಿನ್ನ ಚಿತ್ತವಿದ್ದರೆ ಆ ಕುಟುಂಬವನ್ನು ಆಶೀರ್ವದಿಸು” ಎಂದು ಪ್ರಾರ್ಥಿಸುತ್ತಾ ಬಂದೆವು. ಮುಂಬಯಿಯಿಂದ ಬಂದವರು ಮೊನ್ನೆ, “ಕರ್ತನೇ, ಈ ಕ್ರಿಸ್‌ಮಸ್ಸಿನೊಳಗೆ ಇವನ ಕುಡಿತ ಬಿಡಿಸು. ಬಿಡಿಸುವ ತನಕ ನಾವು ನಿನ್ನನ್ನು ಬಿಡುವುದಿಲ್ಲ” ಅಂದುಬಿಟ್ಟರು. ನಮ್ಮ ಹಿರಿಯರೊಬ್ಬರಿಗೆ ಸಿಟ್ಟು ಬಂತು. “ದೇವರಿಗೇ ನೋಟೀಸು ಕೊಡುವುದಾ?” ಎಂದು ಚಾ ಕುಡಿಯದೆ ಎದ್ದು ಹೋದರು. ಈಗ ಕೂಟದಲ್ಲಿ ಎರಡು ಪಕ್ಷ. ನನಗೆ ಒಳಗೊಳಗೆ ಆ ಪ್ರಾರ್ಥನೆಯೇ ಹಿಡಿಸಿದೆ, ಆದರೆ ಹೆದರಿಕೆಯೂ ಉಂಟು. ಹೀಗೆ ಕೇಳಬಹುದಾ? ಕೇಳುವುದಾದರೆ ಎಷ್ಟು ಕಾಲ?
— ಕೂಟದ ಮನೆಯವನು, ಕಟಪಾಡಿ

ಉತ್ತರ: ಹಿರಿಯರು ಚಾ ಬಿಟ್ಟು ಎದ್ದು ಹೋದರೆಂದರೆ ವಿಷಯ ಗಂಭೀರವೇ. ಆದರೆ ದೇವರಿಗೆ ನೋಟೀಸು ಕೊಟ್ಟವರ ಪಟ್ಟಿ ಬೈಬಲಿನಲ್ಲಿ ಸಣ್ಣದಲ್ಲ. ಸೊದೋಮ್ ಊರಿಗಾಗಿ ಅಬ್ರಹಾಮ ಚೌಕಾಸಿ ಮಾಡಿದ್ದನ್ನು ಆದಿಕಾಂಡ 18ರಲ್ಲಿ ಓದಿ. ಐವತ್ತು ನೀತಿವಂತರಿದ್ದರೆ ಊರನ್ನು ಉಳಿಸುತ್ತೀಯಾ ಎಂದು ಶುರು ಮಾಡಿದವನು ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು ಎಂದು ಇಳಿಯುತ್ತಾ ಹತ್ತಕ್ಕೆ ಬಂದು ನಿಲ್ಲುತ್ತಾನೆ. ದೇವರು ಒಂದು ಸಲವೂ “ಸಾಕು, ಬಾಯಿ ಮುಚ್ಚು” ಅನ್ನುವುದಿಲ್ಲ. ಇನ್ನು “ನಿನ್ನನ್ನು ಬಿಡುವುದಿಲ್ಲ” ಎಂಬ ಮಾತು ಆ ಮುಂಬಯಿಯವರ ಸ್ವಂತದ್ದೂ ಅಲ್ಲ. ಯಬ್ಬೋಕ್ ಹೊಳೆಯ ದಡದಲ್ಲಿ ಇಡೀ ರಾತ್ರಿ ಹೋರಾಡಿದ ಯಾಕೋಬ ಬೆಳಗಿನ ಜಾವ ಹೇಳಿದ ಮಾತು ಅದು. ನಿಮ್ಮ ಹಿರಿಯರಿಗೆ ಆ ಅಧ್ಯಾಯವನ್ನು ಓದಿ ಹೇಳಿ. ಚಾ ಕೊಟ್ಟ ಮೇಲೆ ಹೇಳಿ, ಮೊದಲು ಬೇಡ.

ನಿಮ್ಮ ಕೂಟಕ್ಕೆ ನೇರ ಸಂಬಂಧಪಟ್ಟದ್ದು ಲೂಕ 11ರಲ್ಲಿ ಯೇಸು ಹೇಳಿದ ಸಾಮ್ಯ, ಅಂದರೆ ದೃಷ್ಟಾಂತದ ಕಥೆ. ನಡುರಾತ್ರಿಯಲ್ಲಿ ಒಬ್ಬ ಸ್ನೇಹಿತನ ಮನೆಯ ಬಾಗಿಲಿಗೆ ಹೋಗಿ ಮೂರು ರೊಟ್ಟಿ ಕಡ ಕೇಳುತ್ತಾನೆ. ಒಳಗಿನವನು ಬಾಗಿಲು ಹಾಕಿಯಾಗಿದೆ, ಮಕ್ಕಳು ನನ್ನ ಜೊತೆ ಮಲಗಿದ್ದಾರೆ, ಏಳಲಿಕ್ಕಾಗುವುದಿಲ್ಲ ಅನ್ನುತ್ತಾನೆ. ಒಂದೇ ಕೋಣೆಯ ಮನೆ. ಒಬ್ಬ ಎದ್ದರೆ ಎಲ್ಲರೂ ಎದ್ದಂತೆ. ಆದರೂ ಸ್ನೇಹಕ್ಕಾಗಿ ಅಲ್ಲದಿದ್ದರೂ ಇವನ ನಾಚಿಕೆಯಿಲ್ಲದ ಒತ್ತಾಯಕ್ಕಾಗಿ ಎದ್ದು ಕೊಡುತ್ತಾನೆ. “ತಟ್ಟಿರಿ” ಎಂಬ ಮಾತು ಈ ಕಥೆಯ ಬೆನ್ನಿಗೇ ಬರುತ್ತದೆ, ಆದ್ದರಿಂದ ನಾವು ಭಾಷಣದಲ್ಲಿ ಬಾಗಿಲು ತಟ್ಟುವುದನ್ನು ಮಾತ್ರ ಹಿಡಿದುಕೊಳ್ಳುತ್ತೇವೆ. ಇನ್ನೆರಡು ಸಂಗತಿ ತಪ್ಪಿಹೋಗುತ್ತವೆ. ಅವನು ತನಗಾಗಿ ಕೇಳುತ್ತಿಲ್ಲ. ಪ್ರಯಾಣದಿಂದ ಹಸಿದು ಬಂದ ಮತ್ತೊಬ್ಬ ಅವನ ಮನೆಯಲ್ಲಿ ಕೂತಿದ್ದಾನೆ. ಮತ್ತೆ, “ಏನಾದರೂ ಇದ್ದರೆ ಕೊಡು” ಅಂದಿಲ್ಲ. ಮೂರು ರೊಟ್ಟಿ ಎಂದು ಲೆಕ್ಕ ಹೇಳಿದ್ದಾನೆ.

“ಆ ಕುಟುಂಬವನ್ನು ಆಶೀರ್ವದಿಸು” ಎಂಬುದರಲ್ಲಿ ಲೆಕ್ಕ ಇಲ್ಲ. ಅದು ಸಿಕ್ಕಿತೋ ಇಲ್ಲವೋ ಎಂದು ಮುಂದಿನ ಬುಧವಾರ ಯಾರಿಗೂ ಗೊತ್ತಾಗುವುದಿಲ್ಲ, ಆದ್ದರಿಂದ ಯಾರೂ ಕೇಳುವುದೂ ಇಲ್ಲ. ನಾನು ನೋಡಿದ ಹಾಗೆ ನಮ್ಮ ಕರಾವಳಿಯ ಕೂಟಗಳಲ್ಲಿ ಭಯಭಕ್ತಿ ಬೇಕಾದಷ್ಟು ಉಂಟು, ಕಡಿಮೆ ಇರುವುದು ಇಂಥದ್ದು ಬೇಕು ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ. ಹೇಳಿದ್ದು ಆಗದೆ ಹೋದರೆ ದೇವರ ಮರ್ಯಾದೆ ಹೋಗುತ್ತದೆಂದು ನಾವು ಚಿಂತೆ ಮಾಡುತ್ತೇವೆ. ಆತನ ಮರ್ಯಾದೆಯನ್ನು ಆತ ನೋಡಿಕೊಳ್ಳುತ್ತಾನೆ. ಹೋಗುವುದು ನಮ್ಮದು, ನಾಲ್ಕು ಜನರೆದುರು.

“ನಿನ್ನ ಚಿತ್ತವಿದ್ದರೆ” ಎಂಬ ಮಾತನ್ನು ತೆಗೆದುಹಾಕಿ ಅನ್ನುತ್ತಿಲ್ಲ. ಯೇಸುಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅದನ್ನೇ ಹೇಳಿದರು. ಆದರೆ ಅದಕ್ಕೂ ಮೊದಲು ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಕಾದದ್ದನ್ನು ಬಿಚ್ಚಿ ಹೇಳಿದರು. ಬೆವರು ರಕ್ತದ ಹನಿಗಳಂತೆ ಬೀಳುವಷ್ಟು ಹೇಳಿದರು. ನಾವು ಮೊದಲನೆಯ ಅರ್ಧವನ್ನು ನುಂಗಿ ಎರಡನೆಯ ಅರ್ಧವನ್ನು ಮಾತ್ರ ಹೇಳಿ ಆಮೆನ್ ಅನ್ನುತ್ತೇವೆ. ಅದಕ್ಕೆ ಶರಣಾಗತಿ ಎಂದು ಹೆಸರಿಟ್ಟರೂ ಹೆಚ್ಚಿನ ಸಲ ಅದು ಜಾಗ್ರತೆಯೇ.

ಕ್ರಿಸ್‌ಮಸ್ಸಿನ ಗಡುವಿನ ಬಗ್ಗೆ ಮಾತ್ರ ಹಿರಿಯರ ಪಕ್ಷದಲ್ಲೂ ಸ್ವಲ್ಪ ನಿಲ್ಲುತ್ತೇನೆ. ಹಂಬಲದಿಂದ ಹೇಳಿದ ದಿನಾಂಕದಲ್ಲಿ ತಪ್ಪಿಲ್ಲ. 13ನೆಯ ಕೀರ್ತನೆಯಲ್ಲಿ “ಎಷ್ಟರ ವರೆಗೆ?” ಎಂಬ ಪ್ರಶ್ನೆ ಎರಡೇ ವಚನಗಳಲ್ಲಿ ನಾಲ್ಕು ಸಲ ಬರುತ್ತದೆ, ಕೀರ್ತನೆಗಾರನ ಕಣ್ಣೂ ಪಂಚಾಂಗದ ಮೇಲೆಯೇ. ಆದರೆ ಡಿಸೆಂಬರ್ 26ರ ನಂತರದ ಬುಧವಾರ ನಿಮ್ಮ ಕೂಟ ಸೇರುತ್ತದೋ ಇಲ್ಲವೋ, ಅದನ್ನು ಈಗಲೇ ಮಾತಾಡಿಕೊಳ್ಳಿ. ಸೇರುತ್ತದೆ ಎಂದಾದರೆ ಆ ದಿನಾಂಕ ಪ್ರಾರ್ಥನೆ. ಕುಡಿತ ಬಿಡದಿದ್ದರೆ ಇನ್ನು ಕೇಳುವುದಿಲ್ಲ ಎಂದಾದರೆ ಅದು ಪಂದ್ಯ ಕಟ್ಟಿದ್ದು, ದೇವರನ್ನು ಪರೀಕ್ಷಿಸಿದ್ದು.

ಇನ್ನು ನಿಮ್ಮ ಭಾವನ ವಿಷಯ. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ವಾರ್ಡಿನಲ್ಲಿ ದಾದಿಯಾಗಿದ್ದವಳು. ಆದ್ದರಿಂದ ಉಪದೇಶದ ನಡುವೆ ಔಷಧಿಯ ಮಾತು ಬಂದೇ ಬರುತ್ತದೆ, ಸಹಿಸಿಕೊಳ್ಳಿ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಗೋಡೆಯ ಮೇಲೆ ಇಲ್ಲದ್ದು ಕಾಣುತ್ತದೆ. ಜೀವಕ್ಕೇ ಅಪಾಯವಾಗುವುದುಂಟು. “ಈ ರಾತ್ರಿಯೇ ಬಿಡಿಸು” ಎಂದು ಪ್ರಾರ್ಥಿಸಿ ಮನೆಯಲ್ಲಿ ಕೂಡಿಹಾಕುವ ಕೂಟಗಳಿಗೆ ಇದು ಗೊತ್ತಿರಬೇಕು. ಡಾಕ್ಟರರ ಕಣ್ಣೆದುರಲ್ಲೇ ಬಿಡಿಸಬೇಕು. ಹಾಗಾದರೆ ನಿಮ್ಮ ಮೂರು ರೊಟ್ಟಿಯ ಲೆಕ್ಕ ಹೀಗೆ ಆಗುತ್ತದೆ: ಈ ವಾರ ಅವನು ಆಸ್ಪತ್ರೆಗೆ ಬರಲು ಒಪ್ಪಲಿ. ಒಪ್ಪಿದ ಮೇಲೆ, ಆ ಮೂರನೆಯ ದಿನ ದಾಟಲಿ. ದಾಟಿದ ಮೇಲೆ, ಮನೆಗೆ ಬಂದ ಮೊದಲ ಶನಿವಾರ ಸಂಜೆ ಹಳೆಯ ಸ್ನೇಹಿತರು ಬಾಗಿಲಿಗೆ ಬಂದಾಗ ಇವನು ಒಳಗೇ ಇರಲಿ. ಆ ಸಂಜೆ ನಿಮ್ಮಲ್ಲಿ ಇಬ್ಬರು ಅವನ ಜಗಲಿಯಲ್ಲಿ ಹೋಗಿ ಕೂತುಕೊಳ್ಳಿ, ಕೇರಂ ಆಡಿ. ಕುಡಿತ ಬಿಟ್ಟವರೇ ನಡೆಸುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳು ಮಂಗಳೂರು, ಉಡುಪಿ ಎರಡೂ ಕಡೆ ಉಂಟು. 1935ರಲ್ಲಿ ಅಮೆರಿಕದ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದದ್ದರಿಂದ ಹುಟ್ಟಿದ್ದು ಅದು. ಅದೂ ಒಂದು ಸಣ್ಣ ಕೂಟವೇ, ಅಲ್ಲವಾ?

ಇನ್ನೊಂದು ಮಾತು, ಬಹಳ ಮುಖ್ಯ. ನಿಮ್ಮ ಕಾಗದದಲ್ಲಿ ಭಾವನ ಬಗ್ಗೆ ಉಂಟು, ತಂಗಿಯ ಬಗ್ಗೆ ಒಂದು ಸಾಲೂ ಇಲ್ಲ. ಅವಳಿಗೆ ಏನು ಬೇಕು ಎಂದು ಕೇಳಿದ್ದೀರಾ? ಅವನು ಕೈ ಎತ್ತುವವನಾದರೆ ಅವಳು ಮಕ್ಕಳನ್ನು ಕರೆದುಕೊಂಡು ಸ್ವಲ್ಪ ಕಾಲ ನಿಮ್ಮ ಮನೆಯಲ್ಲಿ ಇರಬೇಕಾದೀತು. “ನಾವು ಪ್ರಾರ್ಥನೆ ಮಾಡುತ್ತಿದ್ದೇವೆ, ನೀನು ತಾಳಿಕೋ” ಎಂದು ಕೂಟದ ಹೆಸರಿನಲ್ಲಿ ಅವಳನ್ನು ಅಲ್ಲೇ ಕಟ್ಟಿಹಾಕಬೇಡಿ. ಲೂಕ 18ರ ವಿಧವೆ ನ್ಯಾಯಾಧಿಪತಿಯ ಹತ್ತಿರ ಮತ್ತೆ ಮತ್ತೆ ಹೋದದ್ದು ತಾಳಿಕೊಳ್ಳುವ ಶಕ್ತಿ ಕೊಡು ಎನ್ನಲಿಕ್ಕಲ್ಲ, ನ್ಯಾಯ ಕೊಡಿಸು ಎನ್ನಲಿಕ್ಕೆ.

ಎಷ್ಟು ಕಾಲ ಎಂದು ಕೇಳಿದಿರಿ. ಒಬ್ಬರೇ ಆದರೆ ಬಹಳ ಕಾಲ ಆಗುವುದಿಲ್ಲ. ಕೂಟ ಇರುವುದೇ ಅದಕ್ಕೆ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದಾಗ ಯೇಸು ನೋಡಿದ್ದು “ಅವರ” ನಂಬಿಕೆಯನ್ನು. ಮಲಗಿದ್ದವನಿಗೆ ಎಷ್ಟು ನಂಬಿಕೆ ಇತ್ತು ಎಂದು ಮಾರ್ಕನೂ ಹೇಳುವುದಿಲ್ಲ, ಲೂಕನೂ ಹೇಳುವುದಿಲ್ಲ. (ಮಾರ್ಕನ ಪ್ರಕಾರ ಅವರು ಮಾಳಿಗೆಯನ್ನು ಅಗೆದರು, ಲೂಕನ ಪ್ರಕಾರ ಹಂಚು ತೆಗೆದರು. 1865ರಿಂದ ಬಾಸೆಲ್ ಮಿಶನಿನ ಹಂಚಿನ ಕಾರ್ಖಾನೆ ಕಂಡ ನಮ್ಮೂರಿನವರಿಗೆ ಲೂಕನ ಮಾತೇ ಇಷ್ಟ. ಆ ಮನೆಯ ಯಜಮಾನ ಕೆಳಗಿಂದ ಏನೆಂದು ಬೈದನೋ ಯಾವ ಸುವಾರ್ತೆಯಲ್ಲೂ ಇಲ್ಲ.) ನಿಮ್ಮ ತಂಗಿಗೆ ಬೇಡುವ ಶಕ್ತಿ ಮುಗಿದ ವಾರವೂ ಮಂಚದ ನಾಲ್ಕು ಮೂಲೆ ಹಿಡಿಯುವವರು ಇರಬೇಕು.

ಮನೆ ಕೂಟ ನಮಗೆ ಹೊಸದೇನೂ ಅಲ್ಲ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸ್ಪೇನರ್ ಎಂಬ ಸಭಾಪಾಲಕರು 1670ರಲ್ಲಿ ತಮ್ಮ ಮನೆಯಲ್ಲೇ ಜನರನ್ನು ಸೇರಿಸಿ ವಾಕ್ಯ, ಪ್ರಾರ್ಥನೆ ನಡೆಸತೊಡಗಿದರು. ಆ ಭಕ್ತಿ ಚಳವಳಿಯ ನೀರು ಕುಡಿದು 1815ರಲ್ಲಿ ಹುಟ್ಟಿದ್ದೇ ಬಾಸೆಲ್ ಮಿಶನ್, ಅದರ ಮೂವರು ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಚಳವಳಿಯ ಜಾನ್ ವೆಸ್ಲಿಯವರ ಸಣ್ಣ ವರ್ಗಗಳು ಶುರುವಾದದ್ದು ಇನ್ನೂ ತಮಾಷೆ. 1742ರಲ್ಲಿ ಬ್ರಿಸ್ಟಲಿನ ಆಲಯದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಮಂದಿಗೆ ಒಬ್ಬರಂತೆ ವಾರಕ್ಕೊಂದು ಪೆನ್ನಿ ವಸೂಲಿಗೆ ಮನೆ ಮನೆಗೆ ಕಳಿಸಿದರು. ವಸೂಲಿಗೆ ಹೋದವರಿಗೆ ಯಾವ ಮನೆಯಲ್ಲಿ ಏನು ಕಷ್ಟ ಎಂದು ಕಣ್ಣಿಗೆ ಬಿತ್ತು. ಅಲ್ಲಿಂದ ಅದು ಒಬ್ಬರನ್ನೊಬ್ಬರು ವಾರ ವಾರ ವಿಚಾರಿಸುವ ಕೂಟವಾಯಿತು. ವಾರ ವಾರ ವಿಚಾರಿಸುವುದು, ಇದನ್ನು ಗಮನಿಸಿ.

ನಮ್ಮ ಕೂಟದಲ್ಲಿ ಅದಕ್ಕಾಗಿ ಒಂದು ಪುಸ್ತಕ ಇಟ್ಟಿದ್ದೇವೆ. ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್. ನನ್ನ ಕೈಗೆ ಸಿಕ್ಕಿದ ಮೇಲೆ ಅದು ರೋಗಿಯ ಮಂಚದ ಕಾಲಿಗೆ ತೂಗುವ ಕೇಸ್ ಶೀಟಿನ ಹಾಗೇ ಆಯಿತು: ತಾರೀಕು, ಯಾರಿಗಾಗಿ, ಏನು ಬೇಕು, ಯಾರು ಹೋಗಿ ನೋಡಿ ಬರುವುದು. ಬಲಬದಿಯಲ್ಲಿ ಎರಡು ಬೆರಳಗಲ ಖಾಲಿ. ಏನಾಯಿತು ಎಂದು ಆಮೇಲೆ ಬರೆಯಲಿಕ್ಕೆ. ಹಿಂದಿನ ವಾರದ್ದನ್ನು ಓದದೆ ಹೊಸ ವಿಜ್ಞಾಪನೆ ತೆಗೆದುಕೊಳ್ಳುವುದಿಲ್ಲ. ಮೊದಮೊದಲು ಕೆಲವರಿಗೆ ಇದು ಕಚೇರಿಯ ರಿಜಿಸ್ಟರಿನ ಹಾಗೆ ಕಂಡಿತು. ಆದರೆ “ಸೊಸೆಯ ಥೈರಾಯ್ಡ್ ರಿಪೋರ್ಟ್ ಬಂತಾ?” ಎಂದು ಹೋದ ವಾರದ ಸಾಲು ಹಿಡಿದು ಒಬ್ಬರು ಕೇಳಿದಾಗ ಆ ಅತ್ತೆಯ ಮುಖ ನೋಡಬೇಕಿತ್ತು. ತನ್ನ ಮಾತನ್ನು ಯಾರೋ ಏಳು ದಿನ ಇಟ್ಟುಕೊಂಡಿದ್ದಾರೆ ಎಂದು ಗೊತ್ತಾದವರು ಮುಂದಿನ ಸಲ ನಿಜವಾದ ವಿಷಯ ಹೇಳುತ್ತಾರೆ.

ಬಲಬದಿಯಲ್ಲಿ ಬರೆಯುವುದೆಲ್ಲ ಸಿಹಿಯಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾದದ್ದು ನಿಮಗೆಲ್ಲ ನೆನಪಿರಬಹುದು. ಅವರು ನಮ್ಮ ಸಭೆಯವರಲ್ಲ, ಪರಿಚಯವೂ ಇಲ್ಲ. ಆದರೆ ಉಡುಪಿಯಲ್ಲಿದ್ದುಕೊಂಡು ಆ ವಾರ ಬೇರೆ ಏನು ಕೇಳಲಿಕ್ಕಾಗುತ್ತದೆ? “ಏಳೂ ಮಂದಿಯನ್ನು ಜೀವಂತ ತಂದು ಮುಟ್ಟಿಸು” ಎಂದು ಬರೆದೆವು. ಕ್ರಿಸ್‌ಮಸ್ ಆಯಿತು, ಹೊಸ ವರ್ಷ ಆಯಿತು, ತಪಸ್ಸಿನ ದಿನಗಳು ಬಂದು ಈಸ್ಟರ್ ಆಯಿತು. ಆ ಸಾಲನ್ನು ಪ್ರತಿ ವಾರ ಓದುತ್ತಾ ಇದ್ದೆವು. ಇನ್ನು ಓದುವುದು ಬೇಡ, ಹೊಟ್ಟೆ ಸಂಕಟವಾಗುತ್ತದೆ ಎಂದು ಒಬ್ಬರು ಅಂದರು. ಇನ್ನೊಬ್ಬರು, ಬೋಟು ಸಿಕ್ಕಿಲ್ಲವಲ್ಲ, ಓದಿ ಅಂದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಸಮೀಪದ ಸಮುದ್ರದ ತಳದಲ್ಲಿ ನೌಕಾಪಡೆಯವರಿಗೆ ಬೋಟಿನ ಅವಶೇಷ ಸಿಕ್ಕಿತು. ಬಲಬದಿಯಲ್ಲಿ ಅದನ್ನೇ ಬರೆದೆವು. “ದೇವರ ಚಿತ್ತ” ಎಂದು ಬರೆಯಲು ಒಬ್ಬರು ಹೇಳಿದರು, ನಾನು ಬರೆಯಲಿಲ್ಲ. ಕೆಳಗಿನ ಸಾಲಿನಲ್ಲಿ ಆ ಏಳು ಮನೆಗಳಿಗೆ ಪರಿಹಾರ ಬೇಗ ಸಿಗಲಿ, ಮಕ್ಕಳ ಓದು ನಿಲ್ಲದಿರಲಿ ಎಂದು ಹೊಸದಾಗಿ ತಾರೀಕು ಹಾಕಿದೆವು.

ಎಷ್ಟು ಕಾಲ ಎಂಬುದಕ್ಕೆ ನನಗೆ ಗೊತ್ತಿರುವ ಉತ್ತರ ಇದೇ. ಸಿಗುವ ತನಕ, ಇಲ್ಲವೇ ಇಲ್ಲ ಎಂದು ತಿಳಿಯುವ ತನಕ, ಅಥವಾ ಕೇಳಬೇಕಾದದ್ದೇ ಬದಲಾಗುವ ತನಕ. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಾರಿ ಬೇಡಿ ನಿಲ್ಲಿಸಿದ್ದು ಬೇಸರದಿಂದಲ್ಲ, “ನನ್ನ ಕೃಪೆಯೇ ನಿನಗೆ ಸಾಕು” ಎಂಬ ಉತ್ತರ ಬಂದದ್ದರಿಂದ. ಮೋನಿಕಾ ಎಂಬ ತಾಯಿಗೆ ಅಂಥ ಉತ್ತರ ಬರಲಿಲ್ಲ, ಆದ್ದರಿಂದ ಅವಳು ದಾರಿ ಬಿಟ್ಟ ಮಗ ಅಗಸ್ಟೀನನಿಗಾಗಿ ವರ್ಷಾನುಗಟ್ಟಲೆ ಅತ್ತಳು, ಆಫ್ರಿಕಾದಿಂದ ಸಮುದ್ರ ದಾಟಿ ಅವನ ಹಿಂದೆಯೇ ಇಟಲಿಗೆ ಹೋದಳು. 387ರಲ್ಲಿ ಮಿಲಾನಿನಲ್ಲಿ ಅವನ ದೀಕ್ಷಾಸ್ನಾನವಾಯಿತು. ಅದೇ ವರ್ಷ ಅವಳು ತೀರಿಕೊಂಡಳು. ನಿಮ್ಮ ಭಾವನದು ಯಾವ ಬಗೆಯದ್ದೋ ನನಗೆ ಹೇಳಲಿಕ್ಕಾಗುವುದಿಲ್ಲ. ಈ ಬುಧವಾರ ಆಸ್ಪತ್ರೆಯ ಸಾಲಿನಿಂದ ಶುರು ಮಾಡಿ.

ಪ್ರಶ್ನೆ: ನನಗೆ ಕೂಟದಲ್ಲಿ ಗಟ್ಟಿಯಾಗಿ ಪ್ರಾರ್ಥಿಸಲು ಬರುವುದಿಲ್ಲ. ಸಾಲಾಗಿ ಒಬ್ಬೊಬ್ಬರು ಪ್ರಾರ್ಥಿಸುತ್ತಾ ನನ್ನ ಹತ್ತಿರ ಬರುವಾಗ ಎದೆ ಹೊಡೆದುಕೊಳ್ಳುತ್ತದೆ. ಉಳಿದವರ ಕನ್ನಡ ಪುಸ್ತಕದ ಹಾಗೆ ಇರುತ್ತದೆ. ನಮ್ಮ ಮನೆಯಲ್ಲಿ ತುಳು ಮಾತ್ರ.
— ಗೃಹಿಣಿ, ಜೆಪ್ಪು, ಮಂಗಳೂರು

ಉತ್ತರ: ಹಾಗಾದರೆ ತುಳುವಿನಲ್ಲೇ ಕೇಳಿ ತಂಗೀ. 1847ರಲ್ಲೇ ತುಳುವಿನಲ್ಲಿ ಹೊಸ ಒಡಂಬಡಿಕೆ ಓದಿದ ಊರು ನಮ್ಮದು. ದೇವರಿಗೆ ತುಳು ಹೊಸದಾಗಿ ಕಲಿಸಬೇಕಾಗಿಲ್ಲ. ಮಗನಿಗೆ ಜ್ವರ ಬಂದಾಗ ಒಲೆಯ ಹತ್ತಿರ ನಿಂತು ಯಾವ ಮಾತಿನಲ್ಲಿ ಬೇಡುತ್ತೀರೋ ಅದೇ ಮಾತು ಸಾಕು, ಒಂದೇ ವಾಕ್ಯ ಸಾಕು. “ಸರ್ವಶಕ್ತನೂ ಸರ್ವಜ್ಞನೂ ಆದ ಪರಲೋಕದ ತಂದೆಯೇ” ಎಂದು ಶುರು ಮಾಡಿದವರಿಗೆ ವಿಷಯಕ್ಕೆ ಬರುವಾಗ ಉಸಿರು ಮುಗಿದಿರುವುದನ್ನು ನಾನು ನೋಡಿದ್ದೇನೆ.

ಅದೂ ಆಗುವುದಿಲ್ಲವಾದರೆ ಬಾಯಿ ಮುಚ್ಚಿಯೇ ಕೇಳಿ. ಶೀಲೋವಿನಲ್ಲಿ ಹನ್ನಳ ತುಟಿ ಮಾತ್ರ ಅಲುಗಾಡುತ್ತಿತ್ತು, ಸ್ವರ ಕೇಳಿಸುತ್ತಿರಲಿಲ್ಲ. ಯಾಜಕ ಏಲಿ ಅವಳನ್ನು ಕುಡಿದವಳೆಂದು ತಿಳಿದ. ಅವಳು ಎದುರುತ್ತರ ಕೊಟ್ಟು ತನ್ನ ಸಂಕಟ ಹೇಳಿದಳು. ಅವಳಿಗಿಂತ ಧೈರ್ಯದ ಪ್ರಾರ್ಥನೆ ಯಾರದ್ದು? ನಿಮ್ಮ ಕೂಟ ನಡೆಸುವವರಿಗೂ ಒಂದು ಮಾತು: ಸಾಲಾಗಿ ಬರುವ ಪದ್ಧತಿ ಬಿಡಿ. ಅಂಜುವವರು ಉಳಿದವರ ಪ್ರಾರ್ಥನೆಗೆ ಆಮೆನ್ ಹೇಳುವುದು ಬಿಟ್ಟು ತಮ್ಮ ಸರದಿಯ ಮಾತನ್ನೇ ಜೋಡಿಸುತ್ತಾ ಕೂತಿರುತ್ತಾರೆ.

ಪ್ರಶ್ನೆ: ನನ್ನವರಿಗೆ ಕ್ಯಾನ್ಸರ್. ಕೂಟದವರು ಉಪವಾಸ ಮಾಡಿ ಪ್ರಾರ್ಥಿಸಿದರು. ಕಾಯಿಲೆ ಮತ್ತೆ ಮರುಕಳಿಸಿದೆ. ಈಗ ಕೂಟದ ಒಬ್ಬರು, “ನಿಮ್ಮಿಬ್ಬರಲ್ಲಿ ಯಾರಿಗೋ ನಂಬಿಕೆ ಸಾಲದು, ಅದಕ್ಕೇ ಹೀಗೆ” ಎಂದರು. ಅಂದಿನಿಂದ ನನಗೆ ಪ್ರಾರ್ಥಿಸಲಿಕ್ಕೇ ಆಗುತ್ತಿಲ್ಲ.
— ಹೆಸರು ಬೇಡ, ಉಡುಪಿ

ಉತ್ತರ: ಆ ಮಾತು ಆಡಿದವರು ಅಪೊಸ್ತಲರ ಕೃತ್ಯಗಳು 12ನೆಯ ಅಧ್ಯಾಯವನ್ನು ಅರ್ಧದಿಂದ ಓದಿರಬೇಕು. ಪೇತ್ರ ಸೆರೆಮನೆಯಲ್ಲಿದ್ದಾಗ ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಕೂಟ ಸೇರಿ ಪ್ರಾರ್ಥಿಸಿದ್ದು, ದೇವದೂತ ಅವನನ್ನು ಬಿಡಿಸಿದ್ದು, ಅವನು ಬಂದು ಕದ ತಟ್ಟಿದಾಗ ರೋದೆ ಎಂಬ ಹುಡುಗಿ ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದ್ದು, ಇದೆಲ್ಲ ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಆ ಪ್ರಾರ್ಥಿಸುತ್ತಿದ್ದವರು ಅವಳಿಗೆ ಏನೆಂದರು? “ನಿನಗೆ ಹುಚ್ಚು” ಎಂದರು! ಅವರ ನಂಬಿಕೆ ಅಷ್ಟೇ ಇತ್ತು. ಆದರೂ ಪೇತ್ರ ಹೊರಗೆ ನಿಂತಿದ್ದ.

ಅದೇ ಅಧ್ಯಾಯದ ಎರಡನೆಯ ವಚನದಲ್ಲಿ ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಯಾಕೋಬನನ್ನು ಪ್ರೀತಿಸಿದವರೂ ಅದೇ ಯೆರೂಸಲೇಮಿನವರು. ಅವನಿಗಾಗಿ ಅವರು ಬೇಡಲಿಲ್ಲವೆಂದು ನಾನು ನಂಬಲಾರೆ. ಒಬ್ಬನಿಗೆ ದೇವದೂತ, ಒಬ್ಬನಿಗೆ ಕತ್ತಿ. ಯಾಕೆಂದು ಅದನ್ನು ಬರೆದ ಲೂಕ ವಿವರಿಸುವುದಿಲ್ಲ, ಯಾಕೋಬನ ಮನೆಯವರ ನಂಬಿಕೆಯನ್ನು ಅಳೆಯಲಿಕ್ಕೂ ಹೋಗುವುದಿಲ್ಲ. ವಾರ್ಡಿನಲ್ಲಿ ನಾನು ನೋಡಿದ್ದೂ ಇದೇ. ಅಕ್ಕಪಕ್ಕದ ಎರಡು ಮಂಚ, ಎರಡೂ ಕಡೆ ಮೊಣಕಾಲೂರಿದ ಹೆಂಡತಿಯರು. ಒಬ್ಬರು ಗಂಡನನ್ನು ಕರೆದುಕೊಂಡು ಮನೆಗೆ ಹೋದರು, ಒಬ್ಬರು ಒಂಟಿಯಾಗಿ ಹೋದರು. ಇಬ್ಬರಲ್ಲಿ ಯಾರ ಪ್ರಾರ್ಥನೆ ದೊಡ್ಡದೆಂದು ಹೇಳುವ ತಕ್ಕಡಿ ನನ್ನ ಕೈಯಲ್ಲಿರಲಿಲ್ಲ, ಆ ಮಾತು ಆಡಿದವರ ಕೈಯಲ್ಲೂ ಇಲ್ಲ.

ನಿಮಗೆ ಈಗ ಪ್ರಾರ್ಥಿಸಲು ಆಗದಿದ್ದರೆ ಬಿಡಿ, ಉಳಿದವರು ಮಾಡಲಿ. ಆಂಕಾಲಜಿ ಡಾಕ್ಟರರ ಮುಂದಿನ ತಾರೀಕು ಯಾವಾಗ, ಅಂದು ಜೊತೆಗೆ ಬರುವವರು ಯಾರು, ಮಾತ್ರೆ ತೆಗೆದುಕೊಂಡ ಮೇಲೆ ವಾಂತಿ ಉಂಟಾ, ರಾತ್ರಿ ನೋವಿಗೆ ನಿದ್ದೆ ಬರುತ್ತದಾ, ಇದನ್ನೆಲ್ಲ ನಿಮ್ಮ ಕೂಟದಲ್ಲಿ ನೀವು ನೆಚ್ಚುವ ಒಬ್ಬರಿಗೆ ಹೇಳಿ. ನೋವನ್ನು ಡಾಕ್ಟರರ ಹತ್ತಿರ ಮುಚ್ಚಿಡಬೇಡಿ, ನೋವಿಗೆ ಔಷಧಿ ಉಂಟು. “ನಂಬಿಕೆ ಸಾಲದು” ಅಂದವರ ಮಾತನ್ನು ನಿಮ್ಮ ಸಭಾಪಾಲಕರಿಗೆ ತಿಳಿಸಿ. ಚಾಡಿ ಎಂದು ಅಂಜಬೇಡಿ. ಇನ್ನೊಬ್ಬ ರೋಗಿಯ ಮನೆಗೆ ಅವರು ಹೋಗುವ ಮೊದಲು ಯಾರಾದರೂ ಅವರನ್ನು ತಡೆಯಬೇಕು.

ಪ್ರಶ್ನೆ: ಮತ್ತಾಯ 6ರಲ್ಲಿ ಹೇಳಿದ್ದನ್ನೇ ಹೇಳಬೇಡಿರಿ ಎಂದಿದೆ. ಲೂಕ 18ರಲ್ಲಿ ಬೇಸರಗೊಳ್ಳದೆ ಯಾವಾಗಲೂ ಪ್ರಾರ್ಥಿಸಬೇಕೆಂದಿದೆ. ಯಾವುದು ಸರಿ?
— ಪಿಯುಸಿ ವಿದ್ಯಾರ್ಥಿ, ಮಂಗಳೂರು

ಉತ್ತರ: ಎರಡೂ. ಮತ್ತಾಯನ ವಚನವನ್ನು ಪೂರ್ತಿ ಓದು. ಬಹಳ ಮಾತುಗಳನ್ನಾಡಿದರೆ ದೇವರು ಕೇಳುತ್ತಾನೆ ಎಂದು ಭಾವಿಸುವವರ ಬಗ್ಗೆ ಅದು. ಮಾತಿನ ತೂಕ ಹೆಚ್ಚಿಸಿ ದೇವರ ಕೈ ತಿರುವುವ ಲೆಕ್ಕಾಚಾರ ಬೇಡ ಎಂದರ್ಥ. ಅದೇ ಮತ್ತಾಯ 26ರಲ್ಲಿ ಯೇಸುಸ್ವಾಮಿ ಮೂರನೆಯ ಸಾರಿ ತಿರಿಗಿ ಅದೇ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದರು. 136ನೆಯ ಕೀರ್ತನೆಯಲ್ಲಿ ದೇವರ ಕೃಪೆ ಶಾಶ್ವತ ಎಂಬ ಪಲ್ಲವಿ 26 ವಚನಗಳಲ್ಲೂ ಬರುತ್ತದೆ. ನಿನ್ನ ಕೆಥೋಲಿಕ್ ಸ್ನೇಹಿತ ಜಪಸರ ಹೇಳುವಾಗ ಮತ್ತಾಯ 6 ತೋರಿಸಿ ವಾದಕ್ಕೆ ನಿಲ್ಲಬೇಡ. ಬೇಕಿದ್ದರೆ ಅವನ ಪರೀಕ್ಷೆಗಾಗಿ ನೀನೂ ಎರಡು ಮಾತು ಕೇಳು.

ಪ್ರಶ್ನೆ: ಕೂಟದಲ್ಲಿ ಹೇಳಿದ ನಮ್ಮ ಮಗಳ ವಿಷಯ ಮರುದಿನ ಬೆಳಿಗ್ಗೆ ಸಭೆಯ ವಾಟ್ಸಾಪ್ ಗುಂಪಿನಲ್ಲಿ “ಅರ್ಜೆಂಟ್ ಪ್ರೇಯರ್ ಪಾಯಿಂಟ್” ಎಂದು ಬಂತು. ಮಧ್ಯಾಹ್ನಕ್ಕೆ ದುಬಾಯಿಯಿಂದ ನಾದಿನಿಯ ಫೋನು.
— ನೊಂದವಳು, ಮೂಲ್ಕಿ

ಉತ್ತರ: ಹಾಕಿದವರಿಗೆ ನೀವೇ ನೇರವಾಗಿ ಹೇಳಿ, ಅಳಿಸಲು ಹೇಳಿ. ಮುಂದಿನ ಕೂಟದಲ್ಲಿ ಒಂದು ನಿಯಮ ಮಾಡಿಸಿ: ಯಾರ ವಿಷಯವೋ ಅವರ ಬಾಯಿಂದ ಒಪ್ಪಿಗೆ ಬಾರದೆ ಒಂದು ಸಾಲೂ ಮನೆಯಿಂದ ಹೊರಗೆ ಹೋಗಬಾರದು, ಸಭಾಪಾಲಕರಿಗೂ ಹೋಗಬಾರದು. ನಮ್ಮ ಪುಸ್ತಕದಲ್ಲಿ ಕೆಲವು ಕಡೆ ಹೆಸರಿನ ಬದಲು ಒಂದು ಚುಕ್ಕೆ ಮಾತ್ರ ಉಂಟು. ಚುಕ್ಕೆ ಯಾರೆಂದು ಕೇಳುವವರಿಗೆ ಚಾ ಕೊಟ್ಟು ಸುಮ್ಮನಾಗಿಸುತ್ತೇವೆ. ಮಗಳನ್ನು ಕೇಳದೆ ನೀವು ಕೂಟದಲ್ಲಿ ಅವಳ ವಿಷಯ ಹೇಳಿದ್ದರೆ ಆ ಲೆಕ್ಕ ನಿಮ್ಮ ಮತ್ತು ಅವಳ ನಡುವೆ ಬೇರೆ ತೀರಬೇಕು.

ಪ್ರಶ್ನೆ: ನಮ್ಮ ಕೂಟದಲ್ಲಿ ಆತ್ಮದ ಉತ್ಸಾಹ ಹೆಚ್ಚು. ರಾತ್ರಿ ಹತ್ತೂವರೆಯ ತನಕ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುತ್ತೇವೆ, ಸಣ್ಣ ಸ್ಪೀಕರ್ ಕೂಡ ಉಂಟು. ಪಕ್ಕದ ಮನೆಯವರು ತಕರಾರು ಮಾಡುತ್ತಿದ್ದಾರೆ. ಧೈರ್ಯದಿಂದ ಮುಂದುವರಿಸಬೇಕಲ್ಲವೇ?
— ಕೂಟದ ಕಾರ್ಯದರ್ಶಿ, ಸುರತ್ಕಲ್

ಉತ್ತರ: ಹದಿನೈದು ಮಂದಿಗೆ ಸ್ಪೀಕರ್ ಯಾಕೆ ಮಾರಾಯರೆ? ಕರ್ಮೆಲ್ ಬೆಟ್ಟದ ಮೇಲೆ “ಗಟ್ಟಿಯಾಗಿ ಕೂಗಿರಿ, ನಿಮ್ಮ ದೇವರು ನಿದ್ದೆ ಮಾಡುತ್ತಿರಬಹುದು” ಎಂದು ಎಲೀಯ ಗೇಲಿ ಮಾಡಿದ್ದು ಬಾಳನ ಪ್ರವಾದಿಗಳಿಗೆ. ಧೈರ್ಯ ದೇವರ ಎದುರು ತೋರಿಸಬೇಕಾದದ್ದು, ಪಕ್ಕದ ಮನೆಯ ಗೋಡೆಗೆ ಅಲ್ಲ. ಹಗಲೆಲ್ಲ ಕೆಲಸ ಮಾಡಿ ಬಂದು ಮಲಗಿದವರು ಅವರು. ಇಂಥ ಗದ್ದಲ ಬೆಳೆದು ಊರಿನ ಜಗಳವಾಗುವುದೂ ಈಗ ಕಷ್ಟವಲ್ಲ. ಸ್ಪೀಕರ್ ತೆಗೆದಿಡಿ, ಒಂಬತ್ತಕ್ಕೆ ಕಡೇ ಆಮೆನ್ ಹೇಳಿ. ನೀವು ಮತ್ತು ಮನೆಯ ಯಜಮಾನರು ನಾಳೆ ಸಂಜೆಯೇ ಆ ಮನೆಗೆ ಹೋಗಿ, ಇನ್ನು ಮುಂದೆ ಒಂಬತ್ತರ ಮೇಲೆ ಸದ್ದಿರುವುದಿಲ್ಲ ಎಂದು ಹೇಳಿ ಬನ್ನಿ. ಅವರ ಮನೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿದ್ದರೆ ಮಾರ್ಚ್ ಏಪ್ರಿಲ್ ಮುಗಿಯುವ ತನಕ ಕೂಟವನ್ನು ಬೇರೆ ಮನೆಗೆ ಹಾಕಿಕೊಳ್ಳಿ.